ವಾರ್ನಿಶ್ ಒಣಗುವ ಹೊತ್ತು

ನುನಾರ್ಸಿಟ್, ಗ್ರೀನ್‌ಲ್ಯಾಂಡ್
14 ಆಗಸ್ಟ್ 2024

ಅಪ್ಪಾಜಿಯವರಿಗೆ ಶರಣು.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅವ್ವ, "ಸ್ನಾನಕ್ಕ ಹೋಗ್ಯಾರವಾ" ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮೂರಕ್ಕೆ ಮಾಡಿದರೂ ಸ್ನಾನ. ಕಾಗದವಾದರೆ ನೀವು ತಪ್ಪಿಸಿಕೊಳ್ಳುವಂತಿಲ್ಲ. ವಾರ್ನಿಶ್ ಡಬ್ಬಿಗೆ ಅಂಟಿಸಿದ ಚೀಟಿಯನ್ನೂ ಕೊನೆಯ ಅಕ್ಷರದವರೆಗೆ ಓದುವವರು ನೀವು.

ನಾನು ಕೆಲಸ ಮಾಡುವ ಹಡಗು ನೂರೆಂಬತ್ತು ಪ್ರವಾಸಿಗರನ್ನು ಹೊತ್ತು ಭೂಮಿಯ ಉತ್ತರದ ತುದಿಯ ಸಮುದ್ರದಲ್ಲಿ ತಿರುಗುತ್ತದೆ. ಅದರ ವಿದ್ಯುತ್ತಿನ ಕೆಲಸವೆಲ್ಲ ನನ್ನದು. ಅವ್ವ ಹೇಳಿರಬೇಕು. ಇಂದು ಬೆಳಿಗ್ಗೆ ಆರಕ್ಕೆ ಈ ಊರಿನ ಮುಂದೆ ಲಂಗರು ಹಾಕಿದೆವು. ಜನ ಇನ್ನೂರ ತೊಂಬತ್ತು. ಮೂಡಲಗಿಯಲ್ಲಿ ನಮ್ಮ ಓಣಿಯೊಂದರಲ್ಲೇ ಇದಕ್ಕಿಂತ ಹೆಚ್ಚು ಜನ ಇದ್ದಾರೆ. ಕಪ್ಪು ಬಂಡೆಯ ಮೇಲೆ ಕೆಂಪು, ನೀಲಿ, ಹಳದಿ ಬಣ್ಣದ ಕಟ್ಟಿಗೆಯ ಮನೆಗಳು. ಕಣ್ಣು ಹಾಯಿಸಿದಷ್ಟು ದೂರ ಒಂದೇ ಒಂದು ಗಿಡವಿಲ್ಲ. ಸರಪಳಿ ಕಟ್ಟಿದ ನಾಯಿಗಳು ಮನುಷ್ಯರಿಗಿಂತ ಹೆಚ್ಚು. ವರ್ಷದಲ್ಲಿ ಒಂಬತ್ತು ತಿಂಗಳು ಸಮುದ್ರ ಹೆಪ್ಪುಗಟ್ಟಿರುತ್ತದೆ, ಸಾಮಾನಿನ ಹಡಗು ಬೇಸಿಗೆಯಲ್ಲಿ ಎರಡೇ ಸಲ ಬರುತ್ತದೆ. ಊರಿನಿಂದ ಹೊರಕ್ಕೆ ರಸ್ತೆ ಎಂಬುದೇ ಇಲ್ಲ. ಕೊನೆಯ ಮನೆ ದಾಟಿದ ಕೂಡಲೇ ಅದು ಮುಗಿದುಹೋಗುತ್ತದೆ.

ನಮ್ಮ ಪ್ರವಾಸಿಗರು ಕೆಂಪು ಜಾಕೀಟು ಹಾಕಿಕೊಂಡು ಇಳಿದು, ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸಿನ ಫೋಟೋ ತೆಗೆಯತೊಡಗಿದರು. ಆಕೆ ಹಗ್ಗದ ಆ ಕಡೆ ಹೋಗಿ ಬೆನ್ನು ಮಾಡಿ ನಿಂತಳು. ನನಗೆ ನಾಚಿಕೆಯಾಗಿ ಇಲ್ಲಿಯ ಒಂದೇ ಅಂಗಡಿಯೊಳಗೆ ಬಂದೆ. ಒಂದು ಕಪಾಟಿನಲ್ಲಿ ಗೋಧಿ ಹಿಟ್ಟು, ಅದರ ಪಕ್ಕದಲ್ಲಿ ಬಂದೂಕು, ಹಿಂದುಗಡೆ ಅಂಚೆಯ ಕಟ್ಟೆ. ಸ್ಟಾಂಪಿನ ಮೇಲೆ ಈ ಊರಿನ ಹೆಸರು ಬೀಳುತ್ತದೆ ಎಂದು ಕಟ್ಟೆಯ ಹುಡುಗಿ ಹೆಮ್ಮೆಯಿಂದ ಹೇಳಿದಳು. ಅಷ್ಟು ಕೇಳಿದ್ದೇ ನಿಮಗೆ ಬರೆಯಬೇಕೆನಿಸಿತು.

ಈಗಷ್ಟೇ ದೀಪ ಹೋಯಿತು. ಹುಡುಗಿ ಬ್ಯಾಟರಿ ಹಚ್ಚಿಕೊಂಡು ತನ್ನ ಕೆಲಸ ಮುಂದುವರಿಸಿದ್ದಾಳೆ. ನನ್ನ ವಾಕಿಟಾಕಿ ಕೂಗುತ್ತಿದೆ, ಚೀಫ್ ಇಂಜಿನಿಯರ್ ಕರೆಯುತ್ತಿದ್ದಾರೆ. ಇಲ್ಲಿಗೇ ಮುಚ್ಚುತ್ತೇನೆ.

ವಿದ್ಯಾ


ಹಡಗಿನಿಂದ
16 ಆಗಸ್ಟ್ 2024

ಅಪ್ಪಾಜಿಯವರಿಗೆ ಶರಣು.

ಮೊನ್ನೆಯದನ್ನು ಅರ್ಧಕ್ಕೇ ಬಿಟ್ಟೆ. ಆ ದಿನ ನಡೆದದ್ದನ್ನು ನಿಮ್ಮೊಬ್ಬರಿಗೇ ಹೇಳಬೇಕು. ಬೇರೆ ಯಾರಿಗೆ ಹೇಳಿದರೂ ಅರ್ಧ ಮಾತ್ರ ತಿಳಿಯುತ್ತದೆ.

ದೀಪ ಹೋದದ್ದು ಅಂಗಡಿಯದಷ್ಟೇ ಅಲ್ಲ, ಇಡೀ ಊರಿನದೇ ಕರೆಂಟ್ ಹೋಗಿತ್ತು. ಅಲ್ಲಿ ಎರಡು ಡೀಸೆಲ್ ಜನರೇಟರ್. ಒಂದನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು, ಅದರ ಸಾಮಾನು ಸೆಪ್ಟೆಂಬರ್ ಹಡಗಿಗೆ ಬರಬೇಕು. ನಡೆಯುತ್ತಿದ್ದ ಇನ್ನೊಂದು ನಿಂತುಬಿಟ್ಟಿತ್ತು. ಇಂಜಿನ್ ತಿರುಗುತ್ತದೆ, ಕರೆಂಟ್ ಹುಟ್ಟುವುದಿಲ್ಲ. ಅಲ್ಲಿ ಕರೆಂಟ್ ಇಲ್ಲವೆಂದರೆ ನೀರಿಲ್ಲ, ಏಕೆಂದರೆ ನೀರಿನ ಪೈಪುಗಳನ್ನೂ ಕಾಯಿಸಿಯೇ ಇಡಬೇಕು. ದವಾಖಾನೆ ನಡೆಯುವುದಿಲ್ಲ. ಊರಿನವರು ಬೇಟೆಯಾಡಿ ಚಳಿಗಾಲಕ್ಕೆಂದು ಕೂಡಿಟ್ಟ ಮಾಂಸದ ಕೋಣೆ ಕರಗುತ್ತದೆ. ಅವರ ವಿದ್ಯುತ್ ಕಚೇರಿಯಿಂದ ತಂತ್ರಜ್ಞ ಹೆಲಿಕಾಪ್ಟರಿನಲ್ಲಿ ಬರುವುದು ಐದು ದಿನದ ಮೇಲೆ, ಅದೂ ಮಂಜು ಸರಿದರೆ. ಅದಕ್ಕೇ ನಮ್ಮ ಹಡಗನ್ನು ಕೇಳಿದ್ದರು.

ಚೀಫ್ ಇಂಜಿನಿಯರ್ ನನಗೆ ಹೇಳಿದ್ದು ಇಷ್ಟೇ: "ಹೋಗಿ ನೋಡು. ಎರಡು ಗಂಟೆಗೆ ಹಡಗು ಹೊರಡುತ್ತದೆ."

ಪವರ್ ಹೌಸ್ ನೋಡಿಕೊಳ್ಳುವವನು ಆಕ್ಸೆಲ್, ಅರವತ್ತು ದಾಟಿದ ಮುದುಕ. ಮಾತು ತಿಳಿಸಲು ಶಾಲೆಯ ಮಾಸ್ತರರು ಜೊತೆಗಿದ್ದರು. ಆಕ್ಸೆಲ್ ನನ್ನನ್ನು ನೋಡಿದ, ಆಮೇಲೆ ನನ್ನ ಬೆನ್ನ ಹಿಂದೆ ದೋಣಿಯ ಕಡೆ ನೋಡಿ, ಎಲೆಕ್ಟ್ರಿಷಿಯನ್ ಯಾವಾಗ ಬರುತ್ತಾರೆ ಎಂದು ಕೇಳಿದ. ಆ ನೋಟ ನನಗೆ ಹೊಸದಲ್ಲ. ಮೋಟರ್ ಸುತ್ತುವ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ನಿಮ್ಮಪ್ಪ ಅದಾನೇನವಾ?" ಎಂದು ಒಳಗೆ ಇಣುಕುವವರದೂ ಅದೇ ನೋಟ. ನಾನೇ ಎಲೆಕ್ಟ್ರಿಷಿಯನ್ ಎಂದೆ. ಅವನು ತನ್ನ ತಲೆಗೆ ಕಟ್ಟಿದ್ದ ದೀಪವನ್ನು ಬಿಚ್ಚಿ ನನ್ನ ತಲೆಗೆ ಕಟ್ಟಿದ. ಅದಾದ ಮೇಲೆ ನನ್ನ ಕೈಗೆ ಬೇಕಾದ ಪಾನಾ ಕೇಳುವ ಮೊದಲೇ ಕೊಡುತ್ತಿದ್ದ.

ನೀವು ಕಲಿಸಿದ ಹಾಗೆ ಮೀಟರ್ ಹಚ್ಚುವ ಮೊದಲು ಮೂಗು ಹಚ್ಚಿದೆ. ದೊಡ್ಡ ವೈಂಡಿಂಗಿನಲ್ಲಿ ಸುಟ್ಟ ವಾಸನೆ ಇರಲಿಲ್ಲ. ಹಿಂಬದಿಯಲ್ಲಿ, ದೊಡ್ಡದಕ್ಕೆ ಕಾಂತಶಕ್ತಿ ಕೊಡುವ ಚಿಕ್ಕ ಕಾಯಿಲ್‌ಗಳಲ್ಲಿ ಒಂದರಿಂದ ಬರುತ್ತಿತ್ತು. ಬಿಚ್ಚಿ ನೋಡಿದರೆ ವರ್ಷಗಟ್ಟಲೆ ಅದುರಿ ಅದುರಿ ತಂತಿ ತುಂಡಾಗಿತ್ತು, ಮೇಲಿನ ಪದರಗಳು ಕರಿಯಾಗಿದ್ದವು. ಹೊಸ ಕಾಯಿಲ್ ಊರಲ್ಲಿಲ್ಲ, ಹಡಗಿನಲ್ಲೂ ಇಲ್ಲ.

ನಾನು ವಾಕಿಟಾಕಿಯಲ್ಲಿ, ಸುತ್ತುತ್ತೇನೆ ಎಂದೆ.

"ಕೈಯಿಂದಲಾ? ಅದನ್ನೆಲ್ಲಿ ಕಲಿತೆ?" ಎಂದರು ಚೀಫ್.

"ಮೂಡಲಗಿಯಲ್ಲಿ."

ಅದು ಯಾವ ಕಾಲೇಜು ಎಂದು ಅವರು ಕೇಳಲಿಲ್ಲ.

ಹಡಗಿನಿಂದ ತಂತಿ, ಪದರಗಳ ನಡುವೆ ಹಾಕುವ ಕಾಗದ, ಸುತ್ತುಗಳನ್ನು ಹಿಡಿದಿಡುವ ವಾರ್ನಿಶ್ ತರಿಸಿದೆ. ಇನ್ನೂರ ಹತ್ತು ಸುತ್ತು. ನಿಮ್ಮ ಹಾಗೆಯೇ ಗಟ್ಟಿಯಾಗಿ ಎಣಿಸುತ್ತ, ಇಪ್ಪತ್ತೈದಕ್ಕೊಮ್ಮೆ ಗೋಡೆಗೆ ಪೆನ್ಸಿಲ್ಲಿನ ಗೀಟು ಎಳೆಯುತ್ತ ಸುತ್ತಿದೆ. ಶಾಲೆ ಬಿಟ್ಟಿತ್ತು, ನೀರಿಲ್ಲದೆ ಶಾಲೆ ಹೇಗೆ ನಡೆದೀತು. ಮಕ್ಕಳೆಲ್ಲ ಬಾಗಿಲಿಗೆ ಮುತ್ತಿದರು. ನೂರು ದಾಟುವ ಹೊತ್ತಿಗೆ ಅವರೂ ನನ್ನ ಹಿಂದೆ ಎಣಿಸತೊಡಗಿದರು. "ನೂರಾ ನಾಕು! ನೂರಾ ಐದು!" ಅಪ್ಪಾಜಿ, ಭೂಮಿಯ ಆ ತುದಿಯಲ್ಲಿ, ಸೀಲ್ ತೊಗಲಿನ ಬೂಟು ಹಾಕಿದ ಮಕ್ಕಳು ನಮ್ಮ ಮಾತಿನಲ್ಲಿ ಎಣಿಸುತ್ತಿದ್ದರು. ನನ್ನ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಹನ್ನೆರಡಕ್ಕೆ ವಾರ್ನಿಶ್ ಬಳಿದು ಮುಗಿಸಿದೆ. ಇನ್ನು ಅದನ್ನು ಕಾವಿನಲ್ಲಿ ಒಣಗಿಸಬೇಕು. ಆಕ್ಸೆಲ್‌ನ ಹೆಂಡತಿ (ಆನೆ ಎಂಬುದು ಆಕೆಯ ಹೆಸರು) ತನ್ನ ಅಡುಗೆಮನೆಯ ಎಣ್ಣೆ ಒಲೆಯೊಳಗಿಂದ ರೊಟ್ಟಿಯನ್ನು ಹೊರಗೆ ತೆಗೆದು ಕಾಯಿಲ್‌ಗೆ ಜಾಗ ಮಾಡಿಕೊಟ್ಟಳು. ಒಂದು ಗಂಟೆಗೆ ಕ್ಯಾಪ್ಟನ್ ಸ್ವತಃ ಕರೆದರು. ಉತ್ತರದಿಂದ ಮಂಜುಗಡ್ಡೆ ಸರಿದು ಬರುತ್ತಿದೆ, ಹೊರಡಬೇಕು, ಇದ್ದದ್ದನ್ನು ಹಾಗೇ ಜೋಡಿಸಿ ಓಡಿಸಿ ಬಾ ಎಂದರು.

"ಹಸಿ ವಾರ್ನಿಶ್ ಮೇಲೆ ಓಡಿಸಿದರೆ ಮೂರು ದಿನ ಓಡುತ್ತದೆ. ನಾಲ್ಕನೆಯ ದಿನ ನಾವು ಇಲ್ಲಿರುವುದಿಲ್ಲ" ಎಂದೆ.

"ಎಷ್ಟು ಹೊತ್ತು ಬೇಕು?"

"ಚಿಕ್ಕ ಕಾಯಿಲ್, ಒಲೆಯ ಕಾವು ಜೋರು. ಐದೂವರೆಗೆ ತೆಗೆಯುತ್ತೇನೆ. ಅದಕ್ಕೆ ಮೊದಲು ಒಲೆಯ ಬಾಗಿಲು ತೆರೆಯುವುದಿಲ್ಲ."

"ಆರು ಗಂಟೆ. ಆರು ದಾಟಿದರೆ ನಿನ್ನನ್ನು ಅಲ್ಲೇ ಬಿಟ್ಟು ಹೋಗುತ್ತೇನೆ" ಎಂದರು. ನಕ್ಕು ಹೇಳಿದರೋ ಖರೆ ಹೇಳಿದರೋ ಇಂದಿಗೂ ಗೊತ್ತಿಲ್ಲ.

ಐದೂವರೆ ತಾಸು ಆನೆಯ ಅಡುಗೆಮನೆಯಲ್ಲಿ ಕುಳಿತೆ. ಒಣಮೀನು ಮುಂದಿಟ್ಟಳು. ಬೇಡವೆಂದು ಕೈಮುಗಿದೆ. ಬೇಸರಪಡದೆ, ಬಂಡೆಗಳ ನಡುವೆ ಆರಿಸಿ ತಂದ ಕಪ್ಪು ಹಣ್ಣನ್ನು ರೊಟ್ಟಿಯ ಜೊತೆ ಕೊಟ್ಟಳು. ಕಿಟಕಿಯಾಚೆ ಸಂಕೇಶ್ವರದ ಸಕ್ಕರೆ ಕಾರ್ಖಾನೆಯಷ್ಟು ದೊಡ್ಡ ಮಂಜಿನ ಗುಡ್ಡ ನಿಧಾನವಾಗಿ ತೇಲಿ ಹೋಗುತ್ತಿತ್ತು. ಒಳಗೆ ನಮ್ಮ ಅಂಗಡಿಯ ವಾಸನೆ ತುಂಬಿಕೊಂಡಿತ್ತು. ಅವಳಿಗೆ ನನ್ನ ಮಾತು ಬಾರದು, ನನಗೆ ಅವಳದು ಬಾರದು. ಇಬ್ಬರೂ ಒಲೆಯನ್ನೇ ನೋಡುತ್ತ ಕುಳಿತೆವು.

ಐದೂವರೆಗೆ ತೆಗೆದೆ. ಬೆರಳಿಟ್ಟರೆ ಗಾಜಿನ ಹಾಗೆ ನುಣುಪು, ಅಂಟಲಿಲ್ಲ. ಜೋಡಿಸಿ ಇಂಜಿನ್ ಹಚ್ಚಿದಾಗ ಆರಕ್ಕೆ ಹತ್ತು ನಿಮಿಷ. ಮೀಟರಿನ ಮುಳ್ಳು ಎದ್ದಿತು, ನಿಂತಿತು, ಅಲುಗಲಿಲ್ಲ. ಆಕ್ಸೆಲ್ ಒಂದೊಂದೇ ಓಣಿಗೆ ಕರೆಂಟ್ ಬಿಟ್ಟ. ಹಡಗಿನ ಮೇಲಿದ್ದ ಪ್ರವಾಸಿಗರು ಚಪ್ಪಾಳೆ ಹೊಡೆದರು. ಊರಿನವರು ಹೊಡೆಯಲಿಲ್ಲ, ನೀರು ಬಂತೋ ಇಲ್ಲವೋ ನೋಡಲು ಲಗುಬಗೆಯಿಂದ ಮನೆಯೊಳಗೆ ಹೋದರು. ಅದರಿಂದಲೇ ನನಗೆ ಹೆಚ್ಚು ಸಂತೋಷವಾಯಿತು. ಆಕ್ಸೆಲ್ ತನ್ನ ದಿನಚರಿ ಪುಸ್ತಕ ತೆರೆದು ಪೆನ್ನು ಕೊಟ್ಟ. ನಾನು ಕನ್ನಡದಲ್ಲಿ ಬರೆದೆ: ವಿದ್ಯಾ ಶಿದ್ಲಿಂಗಪ್ಪ, ಮೂಡಲಗಿ.

ಇಲ್ಲಿಂದ ಮುಂದಿನದನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ.

ಆರು ವರ್ಷದ ಹಿಂದೆ, ಡಿಪ್ಲೊಮಾದ ಸೂಟಿಯಲ್ಲಿ, ತುಕ್ಕಾನಟ್ಟಿಯ ಸತ್ಯಪ್ಪ ಕಾಕಾನ ಹತ್ತು ಎಚ್‌ಪಿ ಮೋಟರನ್ನು ನಾನು ಸುತ್ತಿದೆ. ರಾತ್ರಿ ಎಂಟಕ್ಕೆ ವಾರ್ನಿಶ್ ಬಳಿದು, ಬಲ್ಬು ಹಚ್ಚಿದ ತಗಡಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದೆ. ಮರುದಿನ ಬರುವಷ್ಟರಲ್ಲಿ ಅದನ್ನು ಒಯ್ದಾಗಿತ್ತು. ಮೂರು ದಿನಕ್ಕೆ ಸುಟ್ಟು ತಿರುಗಿ ಬಂತು. ಸಂತೆಯ ಜನರ ಮುಂದೆ ನೀವು, "ಹುಡುಗಿ ಕೈ ಹಚ್ಚಿದ್ಲ್ರಿ, ಹೆಣ್ಮಕ್ಕಳ ಕೆಲಸ ಅಲ್ಲ ಇದು. ಇನ್ನ ಆಕಿ ಅಂಗಡಿ ಮೆಟ್ಟಲಾ ಹತ್ತೂದಿಲ್ಲ" ಎಂದಿರಿ. ನಾನು ಅಂದೇ ಸಂಕೇಶ್ವರದ ಚಿಕ್ಕವ್ವನ ಮನೆಗೆ ಹೋದೆ. ಅಲ್ಲಿದ್ದೇ ಡಿಪ್ಲೊಮಾ ಮುಗಿಸಿ ಹಡಗು ಸೇರಿದ್ದು ನಿಮಗೆ ಗೊತ್ತು.

ಅಂದಿನಿಂದ ಆ ಮೋಟರನ್ನು ಮನಸ್ಸಿನಲ್ಲೇ ಸಾವಿರ ಸಲ ಸುತ್ತಿದ್ದೇನೆ. ಎಲ್ಲಿ ತಪ್ಪಿದೆ, ಯಾವ ಸುತ್ತು ಬಿಟ್ಟೆ, ಎಲ್ಲಿ ಕಾಗದ ಹರಿಯಿತು. ಆನೆಯ ಅಡುಗೆಮನೆಯಲ್ಲಿ ಕುಳಿತಾಗ ಮೊದಲ ಸಲ ಬೇರೆಯೇ ಒಂದು ಮಾತು ಹೊಳೆಯಿತು. ನನ್ನದು ಒಂದೇ ಪ್ರಶ್ನೆ.

ಆ ಮೋಟರನ್ನು ಪೆಟ್ಟಿಗೆಯಿಂದ ಎಷ್ಟು ಗಂಟೆಗೆ ತೆಗೆದಿರಿ?

ನಿಮ್ಮ ಮಗಳು
ವಿದ್ಯಾ


ಮೂಡಲಗಿ
29 ಸೆಪ್ಟೆಂಬರ್ 2024

ನನ್ನ ವಿದ್ಯಾಗೆ ಅವ್ವನ ಮುತ್ತು.

ನಿನ್ನ ಎರಡನೆಯ ಕಾಗದ ಮೊದಲು ಬಂತು, ಮೊದಲನೆಯದು ಹದಿನೈದು ದಿನ ತಡವಾಗಿ ಬಂತು. ಆ ಊರಿನ ಸ್ಟಾಂಪು ನೋಡಲು ಪೋಸ್ಟ್‌ಮನ್ ಮಹಾಂತೇಶ ಚಹಾ ಕುಡಿಯುವ ನೆಪ ಮಾಡಿಕೊಂಡು ಅರ್ಧ ತಾಸು ಕುಳಿತಿದ್ದ.

ನಿಮ್ಮಪ್ಪ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಓದಿದರು, ಮತ್ತೊಮ್ಮೆ ಓದಿದರು. ಊಟಕ್ಕೆ ಕರೆದರೆ ಬರಲಿಲ್ಲ. ಮರುದಿನ ಅಂಗಡಿಗೆ ಒಯ್ದರು. ಅಂದಿನಿಂದ ನಡೆದಿರುವ ಗದ್ದಲ ಕೇಳು. ದಡ್ಡಿ ಊರಿನವರು ಬರಲಿ, ಹುಕ್ಕೇರಿಯವರು ಬರಲಿ, ಮೋಟರ್ ಇಳಿಸಿದವರನ್ನು ಮೊದಲು ಕೂಡಿಸಿ ನಿನ್ನ ಕಾಗದ ಓದಿ ಹೇಳುತ್ತಾರೆ. ಕ್ಯಾಪ್ಟನ್ ಜೊತೆ ನೀನು ಆಡಿದ ಮಾತು ಬಂದಾಗ ಎದ್ದೇ ನಿಲ್ಲುತ್ತಾರಂತೆ. "ಒಲಿ ಬಾಗಲಾ ತಗಿಯೂದಿಲ್ಲ ಅಂದ್ಲ್ರಿ! ಹಡಗದ ಸಾಹೇಬಗ ಅಂದ್ಲ್ರಿ ನಮ್ಮ ಹುಡುಗಿ!" ಎಂದು ತೊಡೆ ತಟ್ಟಿಕೊಳ್ಳುತ್ತಾರಂತೆ. ಮಕ್ಕಳು ಎಣಿಸಿದ್ದನ್ನು ಮಾತ್ರ ಎರಡೆರಡು ಸಲ ಓದುತ್ತಾರಂತೆ. ಇದನ್ನೂ, ನೀನು ಬರೆದ ಕಥೆಯನ್ನೂ ಎದುರಿನ ಅಂಗಡಿಯ ಶ್ರೀಶೈಲ ನನಗೆ ಹೇಳಿದ. ನಕಾಶೆ ತರಿಸಿ ಹುಡುಕಿದರು, ಊರು ಸಿಗಲಿಲ್ಲ. ದಂಡೆಯ ಮೇಲೆ ತಾವೇ ಮಸಿಯಿಂದ ಒಂದು ಚುಕ್ಕೆ ಇಟ್ಟು ಗೋಡೆಗೆ ಹಚ್ಚಿದ್ದಾರೆ. ಅದು ಖರೆ ಜಾಗವೋ ಅಲ್ಲವೋ ದೇವರಿಗೇ ಗೊತ್ತು.

ಆದರೆ ಒಂದು ಮಾತು. ನೀನು ಹೆಸರು ಬರೆದ ತನಕ ಓದಿ ಮಡಚಿಬಿಡುತ್ತಾರೆ. ಒಂದು ದಿನ ಯಾರೋ, "ಇನ್ನೊಂದ ಹಾಳಿ ಐತೆಲ್ರಿ ಕೈಯಾಗ?" ಎಂದು ಕೇಳಿದ್ದಕ್ಕೆ, "ಅದು ಮನಿ ಮಾತು" ಎಂದರಂತೆ. ಮನೆಯಲ್ಲಿ ನಾನು ಕೇಳಿದರೆ, "ಅಂಗಡಿ ಮಾತು ಅದು, ನಿನಗ್ಯಾಕ" ಎಂದರು. ಆ ಹಾಳೆ ಅಂಗಿಯ ಜೇಬಿನಲ್ಲೇ ಇರುತ್ತದೆ. ಅಂಗಿ ಒಗೆಯಲು ಕೇಳಿದರೆ ಮೊದಲು ಅದನ್ನು ತೆಗೆದುಕೊಳ್ಳುತ್ತಾರೆ.

ಏನು ಬರೆದಿದ್ದೀ ಅದರಲ್ಲಿ? ಬೈದಿದ್ದೀಯೇನು? ಬೈದಿದ್ದರೂ ನಾನೇನೂ ಅನ್ನುವುದಿಲ್ಲ. ಆದರೆ ಅವರು ಇತ್ತೀಚೆಗೆ ಸರಿಯಾಗಿ ಉಣ್ಣುತ್ತಿಲ್ಲ.

ಆ ಆನೆ ಎಂಬ ತಾಯಿ ಕೊಟ್ಟ ಹಣ್ಣು ಸಿಹಿಯಿತ್ತೋ ಹುಳಿಯೋ, ಅದನ್ನೇ ಬರೆದಿಲ್ಲ.

ಅವ್ವ
ಸುಂದ್ರವ್ವ


ಹಡಗಿನಿಂದ
3 ನವೆಂಬರ್ 2024

ಅವ್ವಾ,

ಹಣ್ಣು ಹುಳಿ. ಹಾಲು ಸುರಿದುಕೊಂಡರೆ ಸಿಹಿ.

ಹಡಗು ಈಗ ದಕ್ಷಿಣದ ಕಡೆ ಹೊರಟಿದೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಪ್ಪಾಜಿ ಎದ್ದು ನಿಲ್ಲುತ್ತಾರೆಂದು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಜೊತೆಯ ಕ್ಯಾಬಿನ್ನಿನ ಹುಡುಗಿ ಯಾಕೆ ಅಳುತ್ತೀ ಎಂದು ಕೇಳಿದಳು. ಅಳು ಅಲ್ಲ ಅದು ಎಂದೆ.

ನಾನು ಬೈದಿಲ್ಲ. ಆ ಹಾಳೆಯಲ್ಲಿ ಒಂದು ಪ್ರಶ್ನೆ ಇದೆ, ಅಷ್ಟೇ. ಉತ್ತರ ನನಗೆ ಬೇಕು, ಆದರೆ ಕಸಿದುಕೊಳ್ಳುವುದು ಬೇಡ. ನೀನು ಕೇಳಬೇಡ, ಊಟ ಮಾತ್ರ ಮಾಡಿಸು.

ಮೆಚ್ಚಿಕೊಂಡದ್ದೇ ಸಾಕು, ಇನ್ನೇನು ಬೇಕು ನಿನಗೆ ಎಂದು ನೀನು ಕೇಳಬಹುದು. ಸಾಕಾಗುವುದಿಲ್ಲ, ಅವ್ವಾ. ಗ್ರೀನ್‌ಲ್ಯಾಂಡಿನ ಕೆಲಸಕ್ಕೆ ಊರೆಲ್ಲ ಹೊಗಳಿದರೂ ತುಕ್ಕಾನಟ್ಟಿಯ ಕೆಲಸಕ್ಕೆ ನನ್ನ ಹೆಸರಿನ ಮೇಲೆ ಮಸಿ ಇದ್ದೇ ಇದೆ.

ನಿನ್ನ ವಿದ್ಯಾ


ಮೂಡಲಗಿ
15 ಡಿಸೆಂಬರ್ 2024

ವಿದ್ಯಾಳಿಗೆ,

ಬೆಳಗಿನ ಐದು ಗಂಟೆಗೆ.

ನೀನು ಕೇಳಿದ್ದಕ್ಕೆ ಅದು ಉತ್ತರ. ಬಲ್ಬಿನ ಕಾವಿನಲ್ಲಿ ಇಪ್ಪತ್ತು ತಾಸು ಇರಬೇಕಾದದ್ದನ್ನು ಒಂಬತ್ತೇ ತಾಸಿಗೆ ತೆಗೆದೆ. ತೆಗೆದವನು ನಾನು, ಬೇರೆ ಯಾರೂ ಅಲ್ಲ. ಸತ್ಯಪ್ಪ ಗಾಡಿ ತಂದು ನಿಂತಿದ್ದ, ಕಬ್ಬು ಬಾಡುತ್ತಿದೆ ಎಂದ. ಸೂರ್ಯ ಹುಟ್ಟುವ ಮೊದಲು ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಬೆರಳಿನಿಂದ ಒತ್ತಿ ನೋಡಿದೆ. ಬೆರಳು ಅಂಟಿತು. ಅಂಟಿದ್ದು ಗೊತ್ತಿದ್ದೂ ಕೊಟ್ಟೆ.

ನಿನ್ನ ವೈಂಡಿಂಗನ್ನು ಅಂದು ದೀಪ ಹಿಡಿದು ನೋಡಿದ್ದೆ. ಒಂದು ಸುತ್ತೂ ತಪ್ಪಿರಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಅಷ್ಟು ಚಂದ ಸುತ್ತುತ್ತಿರಲಿಲ್ಲ. ಇದನ್ನೂ ಅಂದೇ ಹೇಳಬೇಕಾಗಿತ್ತು.

ಸಂತೆಯ ದಿನ ಸತ್ಯಪ್ಪ ಸುಟ್ಟ ಮೋಟರನ್ನು ಅಂಗಡಿಯ ಮುಂದೆ ಕೆಡವಿದಾಗ ಐವತ್ತು ಜನ ಕೂಡಿದ್ದರು. ಮೂವತ್ತು ವರ್ಷ ನಾನು ಕೊಟ್ಟ ಮೋಟರ್ ಮರಳಿ ಬಂದಿರಲಿಲ್ಲ. ಅದೇ ನನ್ನ ಹೆಸರು, ಅದೇ ನನ್ನ ಸೊಕ್ಕು. ಆ ಒಂದು ಗಳಿಗೆ ಹೆಸರೋ ಮಗಳೋ ಎಂದು ಬಂತು. ಹೆಸರು ಹಿಡಿದುಕೊಂಡೆ. ಸಂಜೆ ನೀನು ಬಂದು ಜಗಳವಾಡಿದ್ದರೆ ಹೇಳಿಬಿಡುತ್ತಿದ್ದೆನೇನೋ. ನೀನು ಜಗಳವಾಡಲಿಲ್ಲ. ಇಕ್ಕಳ ಇಟ್ಟು ಹೋದೆ. ದಿನ ಕಳೆದಂತೆ ಹೇಳುವುದು ಭಾರವಾಗುತ್ತ ಹೋಯಿತು, ಫೋನಿನ ಸದ್ದು ಕೇಳಿದರೆ ಎದ್ದು ಹೋಗುವಷ್ಟು ಭಾರ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಮೊದಲು ಎಲ್ಲಿ ಸುಳ್ಳು ಹೇಳಿದ್ದೆನೋ ಅಲ್ಲಿ ಖರೆ ಹೇಳಿ, ಆಮೇಲೆ ನಿನಗೆ ಬರೆಯಬೇಕೆಂದುಕೊಂಡಿದ್ದೆ. ಅದಕ್ಕೆ ಧೈರ್ಯ ಕೂಡಿ ಬರಲು ಇಷ್ಟು ದಿನ ಹಿಡಿಯಿತು. ಕಳೆದ ಸೋಮವಾರ ತುಕ್ಕಾನಟ್ಟಿಗೆ ಹೋದೆ. ಸತ್ಯಪ್ಪ ಹೊಲದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ನಿಂತಲ್ಲೇ ಹೇಳಿದೆ. ಅವನು ಮೇವಿನ ಹೊರೆ ಕೆಳಗಿಡಲೂ ಇಲ್ಲ.

"ಅದು ನನಗ ಅವತ್ತೇ ಗೊತ್ತಿತ್ತೋ ಶಿದ್ಲಿಂಗಪ್ಪಾ" ಎಂದ. "ಗಾಡಿಗಿ ಏರಸೂ ಮುಂದ ನನ್ನ ಧೋತರಕ್ಕ ವಾರ್ನಿಶ್ ಹತ್ತಿತ್ತು."

"ಮತ್ತ ಸಂತ್ಯಾಗ ಯಾಕ ಅನಲಿಲ್ಲ?"

"ನೀ ಮಗಳ ಮ್ಯಾಲ ಹಾಕಿದಿ. ಅಪ್ಪ ಮಗಳ ನಡುವ ನಾ ಯಾಕ ಬಾಯಿ ಹಾಕಲಿ ಅಂತ ಸುಮ್ಮನಾದೆ. ಆ ಹುಡುಗಿ ನನ್ನ ಮಾರಿ ನೋಡಿತ್ತು ಅವತ್ತ. ನಾ ತೆಳಗ ನೋಡಿದೆ." ಮೇವು ಹಾಕಿ ಬಂದು, "ನನ್ನದೂ ತಪ್ಪಾತು ಅಂತ ಬರಿ ಆಕಿಗಿ" ಎಂದ.

ಬರೆದಿದ್ದೇನೆ.

ಮರುದಿನ ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ನಿನ್ನ ಕಾಗದ ಓದು ಎಂದು ಯಾರೋ ಕೇಳಿದರು. ಓದಿದೆ. ಈ ಸಲ ಕೊನೆಯ ಹಾಳೆಯನ್ನೂ ಓದಿದೆ, ನಿನ್ನ ಪ್ರಶ್ನೆಯನ್ನು ಓದಿದೆ, ಉತ್ತರವನ್ನು ಬಾಯಿಂದ ಹೇಳಿದೆ. ಇಬ್ಬರು ತಮ್ಮ ಮೋಟರ್ ಎತ್ತಿಕೊಂಡು ಬೇರೆ ಅಂಗಡಿಗೆ ಹೋದರು. ಹೋಗಲಿ. ಉಳಿದವರು ಉಳಿದರು.

ಕ್ಷಮಿಸು ಎಂದು ಬರೆಯಲು ಕುಳಿತರೆ ಆ ಶಬ್ದ ಬಹಳ ಸಣ್ಣದಾಗಿ ಕಾಣುತ್ತದೆ. ಆದರೂ ಬರೆಯುತ್ತೇನೆ. ಕ್ಷಮಿಸು.

ನಿನ್ನ ಅಪ್ಪ
ಶಿದ್ಲಿಂಗಪ್ಪ


ಹಡಗಿನಿಂದ
19 ಜನವರಿ 2025

ಅಪ್ಪಾಜಿಯವರಿಗೆ ಶರಣು.

ನಿಮ್ಮ ಕಾಗದ ಬಂದ ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಮೊದಲು ಹಗುರೆನಿಸಿತು, ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಬಂತು, ಬಹಳ ಸಿಟ್ಟು. ಇಪ್ಪತ್ತರ ಹುಡುಗಿಯೊಬ್ಬಳು ಚಿಕ್ಕವ್ವನ ಮನೆಯ ಅಟ್ಟದ ಮೇಲೆ ಕುಳಿತು ತನ್ನ ಕೈಗಳನ್ನು ತಾನೇ ನೋಡಿಕೊಂಡು, ಈ ಕೈ ಸರಿಯಿಲ್ಲ ಎಂದುಕೊಳ್ಳುತ್ತಿದ್ದಳು. ಆಕೆಯ ಸಲುವಾಗಿ ಸಿಟ್ಟು ಬಂತು. ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಇನ್ನು ಅದು ಬೇಡ.

ಆದರೆ ಐವತ್ತು ಜನರ ಮುಂದೆ ಹೋದ ನನ್ನ ಹೆಸರನ್ನು ನೀವು ಜನರ ಮುಂದೆಯೇ ತಿರುಗಿ ತಂದಿರಿ. ಅದನ್ನು ನಾನು ಕೇಳಿರಲಿಲ್ಲ. ಕೇಳದೆಯೇ ಮಾಡಿದಿರಿ. ನನ್ನ ಅಪ್ಪ ಯಾರೆಂದು ಇಲ್ಲಿ ಯಾರಾದರೂ ಕೇಳಿದರೆ ಇಷ್ಟು ವರ್ಷ ಮಾತು ಹೊರಳಿಸುತ್ತಿದ್ದೆ. ಮೊನ್ನೆ ಚೀಫ್ ಇಂಜಿನಿಯರ್ ಕೇಳಿದಾಗ ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿದೆ. ಅರ್ಧ ತಾಸು ಹೇಳಿದೆ.

ನುನಾರ್ಸಿಟ್‌ನ ಮಾಸ್ತರರ ಮೇಲ್ ಬಂದಿದೆ. ಅಲ್ಲಿ ನವೆಂಬರ್ ಕೊನೆಯಿಂದ ಸೂರ್ಯ ಹುಟ್ಟಿಲ್ಲ. ಹಗಲೂ ದೀಪದ ಬೆಳಕಿನಲ್ಲೇ ಶಾಲೆ. ನಮ್ಮ ಕಾಯಿಲ್ ಒಂದು ದಿನವೂ ನಿಂತಿಲ್ಲವಂತೆ.

ಸತ್ಯಪ್ಪ ಕಾಕಾನಿಗೆ ನನ್ನ ಶರಣು ಹೇಳಿ. ಜೂನ್‌ನಲ್ಲಿ ನನಗೆ ಸೂಟಿ.

ವಿದ್ಯಾ


ಮೂಡಲಗಿ
23 ಫೆಬ್ರುವರಿ 2025

ಚಿ. ವಿದ್ಯಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಸಿಟ್ಟು ಓದಿದೆ. ಇರಲಿ, ಅದು ಇರಬೇಕು. ನಿಮ್ಮವ್ವ ಈಗ ಎಲ್ಲವನ್ನೂ ಓದಿದ್ದಾಳೆ. ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ನಿನ್ನೆಯಿಂದ ರೊಟ್ಟಿಯ ಜೊತೆ ಪಲ್ಯವನ್ನೂ ಬಡಿಸುತ್ತಿದ್ದಾಳೆ.

ಇದನ್ನು ಕೆಲಸದ ಸಲುವಾಗಿ ಬರೆಯುತ್ತಿದ್ದೇನೆ. ದಡ್ಡಿಯಿಂದ ಹದಿನೈದು ಎಚ್‌ಪಿಯ ಒಂದು ಮೋಟರ್ ಬಂದಿದೆ, ಹೊಳೆಯಿಂದ ನೀರು ಎತ್ತುವುದು. ಖಾಲಿ ಓಡಿಸಿದರೆ ಸೊಗಸಾಗಿ ಓಡುತ್ತದೆ. ಪಂಪಿಗೆ ಹಚ್ಚಿದ ಕೂಡಲೇ ವೇಗ ಕುಂದುತ್ತದೆ, ಕರೆಂಟಿನ ಮುಳ್ಳು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ, ಒಳಗಿನಿಂದ ಗುಂಯ್ ಗುಂಯ್ ಎಂದು ಬಿಟ್ಟು ಬಿಟ್ಟು ಸದ್ದು. ವೈಂಡಿಂಗ್ ಮೂರೂ ಸಮ ಇವೆ, ಸುಟ್ಟ ವಾಸನೆ ಇಲ್ಲ. ಬೇರಿಂಗ್ ಬದಲಿಸಿದೆ, ಫರಕು ಬೀಳಲಿಲ್ಲ. ಇಲ್ಲಿ ಇಬ್ಬರು ಬಲ್ಲವರು ನೋಡಿ, ಹೊಸದಾಗಿ ಸುತ್ತಿಬಿಡು ಎಂದರು. ನಾನು ಒಪ್ಪಲಿಲ್ಲ. ನನಗೊಂದು ಅನುಮಾನವಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಮೊದಲು ನಿನ್ನದು ತಿಳಿಯಬೇಕು.

ಮಾಲಕರು ಸದ್ಯ ಇನ್ನೊಂದು ಮೋಟರಿನಿಂದ ನೀರೆತ್ತುತ್ತಾರೆ, ಇದರ ಅವಸರವಿಲ್ಲ. ಯಾವಾಗ ಕೊಡುತ್ತೀರಿ ಎಂದು ಕೇಳಿದರು.

"ನಮ್ಮ ಮಗಳನ್ನ ಕೇಳಿ ಹೇಳತೇನ್ರಿ" ಎಂದಿದ್ದೇನೆ.

ಮೋಟರ್ ಬಿಚ್ಚಿಟ್ಟಿದ್ದೇನೆ. ಒಳಗೆ ಎಲ್ಲಿ ನೋಡಲಿ, ಬರೆ.

ಶಿದ್ಲಿಂಗಪ್ಪ